ಲಾಬಿ ತುಳಿದವನು ಔಟೋ, ಹಿಂದೆ ನುಗ್ಗಿದವನೋ?

2023ರ ಅಕ್ಟೋಬರ್ 7. ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿ ಫೈನಲ್. ಭಾರತ 28, ಇರಾನ್ 28. ಆಟಕ್ಕೆ ಎರಡು ನಿಮಿಷವೂ ಉಳಿದಿಲ್ಲ. ನಾಯಕ ಪವನ್ ಸೆಹ್ರಾವತ್ 'ಡೂ ಆರ್ ಡೈ' ರೈಡಿಗೆ ಹೋದರು. ಯಾರನ್ನೂ ಮುಟ್ಟುವ ಮೊದಲೇ ಅವರ ಕಾಲು ಲಾಬಿಗೆ ಬಿತ್ತು. ಹಿಡಿಯುವ ರಭಸದಲ್ಲಿ ಇರಾನಿನ ಡಿಫೆಂಡರ್‌ಗಳೂ ಅದೇ ಲಾಬಿಗೆ ನುಗ್ಗಿದರು. ಅಧಿಕಾರಿಗಳು ಒಂದು ತೀರ್ಪು ಕೊಟ್ಟು ಬದಲಿಸಿದರು, ಬದಲಿಸಿದ್ದನ್ನು ಮತ್ತೆ ಬದಲಿಸಿದರು. ಆಟಗಾರರು ಮ್ಯಾಟ್ ಮೇಲೆಯೇ ಕೂತುಬಿಟ್ಟರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಆ ಒಂದು ರೈಡಿಗೆ ಭಾರತಕ್ಕೆ 3, ಇರಾನಿಗೆ 1 ಅಂಕ ಎಂದು ಇತ್ಯರ್ಥವಾಗಿ, 33-29ರಲ್ಲಿ ಚಿನ್ನ ನಮ್ಮದಾಯಿತು.

ಚಿನ್ನ ಬಂದ ಮೇಲೆ ಜಗಳ ಮುಗಿಯಬೇಕಿತ್ತು. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಇನ್ನೂ ಮುಗಿದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹೊರಗೆ ಟೀ ಕುಡಿಯುವಾಗಲೋ, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲಾರಿ ತುಂಬುವ ಹೊತ್ತಿಗೋ ಕಬಡ್ಡಿ ಮಾತು ಎತ್ತಿ ನೋಡಿ. "ನಮ್ಮೋರು ಗೆದ್ರು, ಸರಿ. ಆದ್ರೆ ಆ ಮೂರು ಪಾಯಿಂಟು ನಮ್ದಲ್ಲ ಕಣಣ್ಣ" ಎಂದು ಒಬ್ಬ ಶುರು ಮಾಡುತ್ತಾನೆ. "ರೂಲ್ಸ್‌ನಾಗೇ ಐತಲ್ಲಪ್ಪ" ಎಂದು ಇನ್ನೊಬ್ಬ ಗ್ಲಾಸು ಕೆಳಗಿಡುತ್ತಾನೆ. ಇಬ್ಬರ ಮಾತಲ್ಲೂ ಹುರುಳಿದೆ. ತೊಂದರೆ ಆಗಿದ್ದೂ ಅಲ್ಲೇ.

ಅಂಕಣದ ಎರಡೂ ಪಕ್ಕಕ್ಕೆ ಒಂದೊಂದು ಮೀಟರ್ ಅಗಲದ ಪಟ್ಟಿ ಇರುತ್ತದೆ. ಅದೇ ಲಾಬಿ. ರೈಡರ್ ಎದುರಾಳಿಯನ್ನು ಮುಟ್ಟುವವರೆಗೆ, ಅಥವಾ ಎದುರಾಳಿ ರೈಡರನ್ನು ಹಿಡಿಯುವವರೆಗೆ ಅದು ಆಟದ ಜಾಗವೇ ಅಲ್ಲ. ಮೈ ಮುಟ್ಟಿದ ಮರುಕ್ಷಣ ಅದೂ ಅಂಕಣಕ್ಕೆ ಸೇರಿಕೊಳ್ಳುತ್ತದೆ. ಮುಟ್ಟದೆ ಲಾಬಿ ತುಳಿದ ರೈಡರ್ ಔಟ್ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಅವನ ಹಿಂದೆ ಹೋದ ಡಿಫೆಂಡರ್‌ಗಳ ಗತಿ ಏನು? ಅವರೂ ಔಟ್ ಎನ್ನುತ್ತದೆ ಹಳೆಯ ಅಂತರರಾಷ್ಟ್ರೀಯ ನಿಯಮ. ರೈಡರ್ ಔಟಾದ ಕೂಡಲೇ ಆ ರೈಡ್ ಮುಗಿಯಿತು, ಆಮೇಲೆ ಯಾರು ಎಲ್ಲಿ ಕಾಲಿಟ್ಟರೂ ಲೆಕ್ಕಕ್ಕಿಲ್ಲ ಎನ್ನುತ್ತದೆ ಪ್ರೊ ಕಬಡ್ಡಿ ಲೀಗ್ ಒಗ್ಗಿಸಿದ ಹೊಸ ನಿಯಮ. ಅಂದು ಮ್ಯಾಟ್ ಮೇಲಿದ್ದ ಎರಡೂ ಕಡೆಯ ಹಲವರು ಲೀಗಿನಲ್ಲಿ ಪಳಗಿದವರು. ಕಾಲಿಗೆ ಒಂದು ನಿಯಮ ರೂಢಿಯಾಗಿತ್ತು, ಪುಸ್ತಕದಲ್ಲಿ ಇನ್ನೊಂದಿತ್ತು.

ಪವನ್ ಈ ಭಾಗದ ಜನಕ್ಕೆ ಹೊರಗಿನವರಲ್ಲ. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬೆಂಗಳೂರು ಬುಲ್ಸ್ ತನ್ನ ಮೊದಲ ಪ್ರೊ ಕಬಡ್ಡಿ ಪ್ರಶಸ್ತಿ ಎತ್ತಿದಾಗ, 22 ಅಂಕ ಅವರೊಬ್ಬರದ್ದೇ. ಹಾಗಾಗಿ ಹಾಂಗ್‌ಝೌ ಜಗಳ ಇಲ್ಲಿ ಮನೆಯ ಹುಡುಗನ ಪಂಚಾಯ್ತಿಯಂತೆ ನಡೆಯುತ್ತದೆ.

ಎರಡು ನಿಯಮ ಒಟ್ಟಿಗೆ ಬದುಕುವುದು ಈ ಆಟಕ್ಕೆ ಹೊಸದಲ್ಲ. ಊರಿಗೊಂದು ಹೆಸರು, ಸೀಮೆಗೊಂದು ಲೆಕ್ಕ ಎಂದೇ ಕಬಡ್ಡಿ ಬೆಳೆದದ್ದು. ಗೌರಿಬಿದನೂರಿನಿಂದ ಗಡಿ ದಾಟಿ ಹಿಂದೂಪುರದ ಕಡೆ ಹೋದರೆ, ಚಿಂತಾಮಣಿಯಿಂದ ಮದನಪಲ್ಲಿ ಕಡೆ ಇಳಿದರೆ ಹಳಬರು ಇದನ್ನು ಚೆಡುಗುಡು ಎನ್ನುತ್ತಾರೆ. ಭಾರತದ ಬೇರೆ ಬೇರೆ ಕಡೆ ಮುಖ್ಯವಾಗಿ ಮೂರು ಪದ್ಧತಿಗಳಿದ್ದವು. ಸಂಜೀವನಿಯಲ್ಲಿ ಎದುರಾಳಿ ಒಬ್ಬ ಔಟಾದರೆ ನಮ್ಮ ಕಡೆ ಔಟಾದವನೊಬ್ಬ ಒಳಗೆ ಬರುತ್ತಾನೆ. ಗಾಮಿನಿಯಲ್ಲಿ ಔಟಾದವನಿಗೆ ಮರುಜೀವವಿಲ್ಲ, ಇಡೀ ತಂಡ ಖಾಲಿಯಾಗುವವರೆಗೆ ಹೊರಗೇ ಕೂರಬೇಕು. ಅಮರದಲ್ಲಿ ಔಟಾದವನೂ ಅಂಕಣ ಬಿಡುವುದಿಲ್ಲ, ಎದುರಾಳಿಗೆ ಅಂಕ ಮಾತ್ರ ಏರುತ್ತದೆ. ಮಹಾರಾಷ್ಟ್ರದ ಸಂಘಟಕರು 1920ರ ದಶಕದ ಆರಂಭದಲ್ಲಿ ಕೂತು ಬರೆದ ನಿಯಮಗಳು ಈ ಜಗಳದ ರಾಜಿಸೂತ್ರ. ಗೆದ್ದದ್ದು ಸಂಜೀವನಿ. ಇಂದು ನಾವು ನೋಡುವ ಆಟದ ಬೆನ್ನೆಲುಬು ಅದೇ.

ಆಮೇಲಿನ ಮೆಟ್ಟಿಲುಗಳನ್ನು ಬೇಗ ಹತ್ತಿಬಿಡಬಹುದು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಅಲ್ಲಿ ಕಬಡ್ಡಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಶನ್ ಹುಟ್ಟಿತು, 1972ರಲ್ಲಿ ಅಮೆಚೂರ್ ಕಬಡ್ಡಿ ಫೆಡರೇಶನ್ ಬಂತು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. ಅಲ್ಲಿಂದ 2014ರವರೆಗೆ ಪುರುಷರ ಚಿನ್ನ ಭಾರತ ಬಿಟ್ಟು ಬೇರೆ ಯಾರಿಗೂ ಸಿಗಲಿಲ್ಲ. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಆ ಸರಪಳಿ ಕಡಿಯಿತು. ಹಾಂಗ್‌ಝೌನ ಆ ಒಂದು ಗಂಟೆ ಅಷ್ಟು ಬಿಸಿಯಾಗಿದ್ದಕ್ಕೆ ಇದೂ ಕಾರಣ.

ಊರಿನ ಮಟ್ಟದಲ್ಲಿ ಹೆಚ್ಚು ಜಗಳ ಆಗುತ್ತಿದ್ದದ್ದು ಲಾಬಿಯ ಮೇಲಲ್ಲ, ಉಸಿರಿನ ಮೇಲೆ. 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಒಂದೇ ಉಸಿರಲ್ಲಿ ಹೋಗಿ ಬರಬೇಕು. ಗಂಟಲಿಂದ ಮಾತು ಸ್ಪಷ್ಟವಾಗಿ ಹೊರಡಬೇಕು. ಪಳಗಿದ ರೈಡರ್ ಎದುರಾಳಿಯ ಕಡೆ ಮುಖ ಮಾಡಿ, ಅಂಪೈರ್‌ಗೆ ಬೆನ್ನು ಕೊಟ್ಟು, ತುಟಿ ಅಲುಗಾಡಿಸುತ್ತಲೇ ಮೂಗಿನಲ್ಲಿ ಸಣ್ಣಗೆ ಗಾಳಿ ಎಳೆದುಕೊಂಡುಬಿಡುತ್ತಿದ್ದ. 'ಕಬಡ್ಡಿ' ಹೋಗಿ 'ಬಡ್ಡಿ ಬಡ್ಡಿ' ಆಗಿ, ಕೊನೆಗೆ ಬರೀ ಗುಂಯ್‌ಗುಟ್ಟುವ ಸದ್ದು ಉಳಿಯುತ್ತಿತ್ತು. "ಉಸಿರು ಬಿಟ್ಟ, ಉಸಿರು ಬಿಟ್ಟ" ಎಂದು ಅಂಕಣದ ಸುತ್ತ ಕೂತವರೆಲ್ಲ ಏಳುತ್ತಿದ್ದರು. ಪಕ್ಕದಲ್ಲೇ ಮೈಕ್‌ಸೆಟ್ ಸಿನಿಮಾ ಹಾಡು ಹಾಕಿದ್ದರೆ ಅಂಪೈರ್‌ಗಾದರೂ ಏನು ಕೇಳಿಸಬೇಕು?

2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಈ ಜಗಳಕ್ಕೆ ಗಡಿಯಾರ ಬಂತು. ರೈಡಿಗೆ 30 ಸೆಕೆಂಡು, ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ. ಎರಡು ರೈಡು ಬರಿಗೈಯಲ್ಲಿ ಬಂದರೆ ಮೂರನೆಯದು 'ಡೂ ಆರ್ ಡೈ', ಅಂಕ ತರಬೇಕು, ಇಲ್ಲ ಹೊರಗೆ ಕೂರಬೇಕು. ಮೂವರೋ ಅದಕ್ಕೂ ಕಡಿಮೆಯೋ ಉಳಿದಿರುವಾಗ ರೈಡರನ್ನು ಹಿಡಿದರೆ 'ಸೂಪರ್ ಟ್ಯಾಕಲ್', ಎರಡು ಅಂಕ. 'ಈಗಿನವರಿಗೆ ಗಡಿಯಾರ ನೋಡೋದು ಗೊತ್ತು, ಉಸಿರು ಕಟ್ಟೋದು ಗೊತ್ತಿಲ್ಲ' ಎಂದು ಹಳೆಯ ಆಟಗಾರರು ಗೊಣಗುತ್ತಾರೆ. ಆದರೆ ಹಳೆಯ ಆಟದ ಕೊನೆಯ ಐದು ನಿಮಿಷ ಹೇಗಿರುತ್ತಿತ್ತು ಎಂಬುದನ್ನು ಅವರು ಹೇಳುವುದಿಲ್ಲ. ಮುಂದಿರುವ ತಂಡ, ರೈಡ್ ಸಿಂಧುವಾಗಲು ಮೀರಲೇಬೇಕಾದ ಬಾಕ್ ಲೈನ್ ದಾಟಿ ಬಂದರೆ ಸಾಕು ಎಂದು ಒಬ್ಬೊಬ್ಬರನ್ನೇ ಕಳಿಸಿ ಹೊತ್ತು ಕಳೆಯುತ್ತಿತ್ತು. ನೋಡುವವರು ಎದ್ದು ಹೋಗುತ್ತಿದ್ದರು. 'ಡೂ ಆರ್ ಡೈ' ಈ ರೋಗಕ್ಕೆ ಕೊಟ್ಟ ಮದ್ದು. ನನ್ನ ಮಟ್ಟಿಗೆ ಅದು ಲೀಗ್ ಮಾಡಿದ ಅತ್ಯುತ್ತಮ ಕೆಲಸ.

ಟೀವಿಯ ನಿಯಮ ಊರಿಗೆ ಇಳಿದು ಬರುವುದಕ್ಕೆ ಕರಪತ್ರ ಸಾಕಾಗುತ್ತದೆ. ಊರಹಬ್ಬಕ್ಕೋ ರಾಜ್ಯೋತ್ಸವಕ್ಕೋ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಎಂದು ಅಚ್ಚಾಗುವ ಹಾಳೆಯಲ್ಲಿ ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ಇಷ್ಟು ಕೆ.ಜಿ.ಯೊಳಗಿನ ತೂಕ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಎಲ್ಲ ಇರುತ್ತದೆ. ಅಡಿಯಲ್ಲಿ ಎರಡು ಸಾಲು. ಒಂದು, 'ಆಧಾರ್ ಕಾರ್ಡ್ ಕಡ್ಡಾಯ'. ಊರಿನ ಹೆಸರಲ್ಲಿ ಬೇರೆ ಊರಿನ ಗಟ್ಟಿ ಆಟಗಾರನನ್ನು ಇಳಿಸುವುದು ಹಳೆಯ ಚಾಳಿ, ಅದಕ್ಕೆ ಹಾಕಿದ ಬೇಲಿ ಇದು. ಇನ್ನೊಂದು, 'ತೀರ್ಪುಗಾರರ ತೀರ್ಮಾನವೇ ಅಂತಿಮ'. ಇಷ್ಟು ಖಡಾಖಂಡಿತವಾಗಿ ಬರೆದದ್ದನ್ನು ಇಷ್ಟು ಕಡಿಮೆ ಜನ ಒಪ್ಪುವ ಮಾತು ಕನ್ನಡದಲ್ಲಿ ಇನ್ನೊಂದಿದೆಯೋ ಇಲ್ಲವೋ.

ತೀರ್ಪುಗಾರರೆಂದರೆ ಸಾಮಾನ್ಯವಾಗಿ ಯಾವುದೋ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಆಡುವ ಹುಡುಗರಲ್ಲಿ ಅರ್ಧ ಜನ ಅವರ ಶಿಷ್ಯರೇ ಆಗಿರುತ್ತಾರೆ. ಮಣ್ಣಿನ ಅಂಕಣವಾದರೆ ಮೊದಲು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಇಪ್ಪತ್ತು ನಿಮಿಷದ ಮೊದಲರ್ಧ ಮುಗಿಯುವಷ್ಟರಲ್ಲಿ ಬೋನಸ್ ಗೆರೆ ಕಾಲ್ತುಳಿತಕ್ಕೆ ಅಳಿಸಿ ಹೋಗಿರುತ್ತದೆ. ಬೋನಸ್ ಸಿಗಬೇಕಾದರೆ ಎದುರು ಆರು ಜನವಾದರೂ ಇರಬೇಕು, ಒಂದು ಕಾಲು ಗೆರೆ ದಾಟಿ ಮತ್ತೊಂದು ಕಾಲು ಗಾಳಿಯಲ್ಲಿರಬೇಕು. ಗೆರೆಯೇ ಇಲ್ಲದ ಮೇಲೆ ಕಾಲು ದಾಟಿತೋ ಇಲ್ಲವೋ ಹೇಳುವವರು ಯಾರು? ಈಗ ಬಾಡಿಗೆಗೆ ಮ್ಯಾಟ್ ತರಿಸುವ ಊರುಗಳಲ್ಲಿ ಈ ಜಗಳ ತಣ್ಣಗಾಗಿದೆ. ಬದಲಿಗೆ ಮೊಬೈಲ್ ಬಂದಿದೆ. ವಿವಾದದ ರೈಡು ಮುಗಿಯುವುದೇ ತಡ, "ಸಾರ್, ವಿಡಿಯೊ ನೋಡಿ ಸಾರ್" ಎಂದು ನಾಲ್ಕು ಫೋನು ಮುಂದಕ್ಕೆ ಬರುತ್ತವೆ. ಲೀಗಿನಲ್ಲಿ ಟೀವಿ ಅಂಪೈರ್ ಇದ್ದಾರೆ, ತಂಡಕ್ಕೆ ರಿವ್ಯೂ ಇದೆ. ಇಲ್ಲಿ ಮೇಷ್ಟ್ರು ಫೋನಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ನೋಡಲೂಬಾರದು. ಒಬ್ಬನ ಫೋನು ನೋಡಿದರೆ ಇನ್ನೊಂದು ಕಡೆಯವನು ಇನ್ನೊಂದು ಕೋನದ ವಿಡಿಯೊ ಹಿಡಿದು ನಿಲ್ಲುತ್ತಾನೆ.

ಶಾಲಾ ಕ್ರೀಡಾಕೂಟದ ಏಣಿಯೇ ಬೇರೆ: ಹೋಬಳಿ, ತಾಲ್ಲೂಕು, ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಗೌರಿಬಿದನೂರಿನ ತಂಡಕ್ಕೂ ಜಿಲ್ಲೆ ಎಂದರೆ ಕೋಲಾರವೇ. ಗಡಿ ಬದಲಾದದ್ದರಿಂದ ಹಳೆಯ ಎದುರಾಳಿಗಳೆಷ್ಟೋ ಜನ ಬೇರೆ ಜಿಲ್ಲೆಯವರಾದರು. ಮಾಲೂರು, ಶ್ರೀನಿವಾಸಪುರದ ತಂಡಗಳ ಎದುರು ಆಡಿದ್ದನ್ನು ನೆನೆಯುವ ಚಿಂತಾಮಣಿಯವರು ಈಗ ಮೂವತ್ತು ದಾಟಿದ್ದಾರೆ.

ಪ್ರೊ ಕಬಡ್ಡಿ ಟೂರ್ನಿಯ ಸ್ವರೂಪದ ಬಗ್ಗೆ ಈ ಸೀಮೆಯ ಅಭಿಮಾನಿಗಳಿಗೆ ಇರುವ ದೊಡ್ಡ ಸಿಟ್ಟು ಬೇರೆಯದೇ. ಚಿಕ್ಕಬಳ್ಳಾಪುರದಿಂದ ಕಂಠೀರವ ಒಳಾಂಗಣ ಕ್ರೀಡಾಂಗಣ ಹೆಚ್ಚೆಂದರೆ 60 ಕಿ.ಮೀ. ಸಂಜೆ ಹೊರಟು, ಬುಲ್ಸ್ ಆಟ ನೋಡಿ, ರಾತ್ರಿ ಮನೆ ಸೇರಬಹುದು. ಆದರೆ ಬುಲ್ಸ್ ಅಲ್ಲಿ ಆಡಿದರೆ ತಾನೆ? 2017ರಲ್ಲಿ ಎಂಟು ತಂಡಗಳ ಲೀಗ್ ಹನ್ನೆರಡಾಗಿ ಹಿಗ್ಗಿದ ವರ್ಷ, ಬುಲ್ಸ್ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. 2021ರ ಡಿಸೆಂಬರ್‌ನಿಂದ 2022ರ ಫೆಬ್ರುವರಿವರೆಗೆ ಇಡೀ ಎಂಟನೇ ಸೀಸನ್ ಬೆಂಗಳೂರಿನಲ್ಲೇ, ವೈಟ್‌ಫೀಲ್ಡ್‌ನಲ್ಲೇ ನಡೆಯಿತು, ಆದರೆ ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಕಂಠೀರವಕ್ಕೆ ಆಟ ಮರಳಿತು, 2023ರ ಡಿಸೆಂಬರ್‌ನಲ್ಲೂ ಅಲ್ಲಿ ನಡೆಯಿತು. ಮರುವರ್ಷ ಹೈದರಾಬಾದ್, ನೊಯ್ಡಾ, ಪುಣೆ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಎರಡರಲ್ಲೂ ಬೆಂಗಳೂರು ಇಲ್ಲ. ತವರು ಪಂದ್ಯವೇ ಇಲ್ಲದ ತಂಡಕ್ಕೆ ಊರಿನ ಹೆಸರು ಯಾಕೆ ಎಂದು ಕೇಳುವವರನ್ನು ಅಡ್ಡಮಾತಿನವರು ಎಂದು ತಳ್ಳಿಹಾಕುವಂತಿಲ್ಲ. ಖರ್ಚು ಉಳಿಸಲು ಕೆಲವೇ ಊರುಗಳಲ್ಲಿ ಬಿಡಾರ ಹೂಡುವುದು ಲೀಗಿಗೆ ಅನುಕೂಲ, ಸರಿ. ಅಭಿಮಾನಿಗೆ ಮಾತ್ರ ಟೀವಿಯೇ ಗತಿ.

2025ರ ಸೀಸನ್‌ನಲ್ಲಿ ಲೆಕ್ಕವೂ ಬದಲಾಯಿತು. ಅದಕ್ಕೆ ಮುಂಚೆ ಗೆದ್ದರೆ 5 ಅಂಕ, ಟೈ ಆದರೆ ತಲಾ 3, ಏಳು ಅಂಕದೊಳಗೆ ಸೋತರೆ 1. ಈಗ ಗೆದ್ದರೆ 2, ಸೋತರೆ ಸೊನ್ನೆ. ತಂಡವೊಂದಕ್ಕೆ 22 ಇದ್ದ ಲೀಗ್ ಪಂದ್ಯಗಳು 18ಕ್ಕೆ ಇಳಿದವು. ಸೋತವನಿಗೆ ಸಿಗುತ್ತಿದ್ದ ಆ ಒಂದು ಅಂಕ ಹೋದದ್ದು ನನಗೆ ಸರಿಬರಲಿಲ್ಲ. ಹತ್ತು ಅಂಕ ಹಿಂದಿರುವ ತಂಡ ಕೊನೆಯ ನಿಮಿಷದಲ್ಲೂ ಜೀವ ಕೊಟ್ಟು ಆಡುತ್ತಿದ್ದದ್ದು ಆ ಒಂದು ಅಂಕದ ಆಸೆಗೆ.

ಟೈ ಆದ ಲೀಗ್ ಪಂದ್ಯಕ್ಕೂ ಈಗ ಟೈಬ್ರೇಕರ್ ಇದೆ: ಎರಡೂ ಕಡೆಗೆ ಐದೈದು ರೈಡು, ಅದರಲ್ಲೂ ಸಮವಾದರೆ 'ಗೋಲ್ಡನ್ ರೈಡ್'. ಟೈಬ್ರೇಕರ್‌ನಲ್ಲಿ ಏಳೂ ಜನ ಅಂಕಣದಲ್ಲೇ ಇರುತ್ತಾರೆ, ಔಟಾದವನು ಹೊರಗೆ ಹೋಗುವುದಿಲ್ಲ, ಮರುಜೀವದ ಮಾತೇ ಇಲ್ಲ, ಅಂಕ ಮಾತ್ರ ಎಣಿಕೆಗೆ. ಅಂದರೆ ನೂರು ವರ್ಷದ ಹಿಂದೆ ಸಂಜೀವನಿಯ ಎದುರು ಸೋತ ಅಮರ ಪದ್ಧತಿಯೇ ಹಿಂಬಾಗಿಲಿನಿಂದ ಒಳಗೆ ಬಂದಿದೆ. ಹೊಸದು ಎಂದು ಹುಡುಗರು ಕೊಂಡಾಡುವುದನ್ನೂ, ಇದು ಕಬಡ್ಡಿಯೇ ಅಲ್ಲ ಎಂದು ಹಿರಿಯರು ಬೈಯುವುದನ್ನೂ ಕೇಳುವಾಗ ನಗು ಬರುತ್ತದೆ.

ಅದೇ ಸೀಸನ್‌ನ ಪ್ಲೇಆಫ್ ಗಡಿ ತಾಲ್ಲೂಕುಗಳಿಗೆ ಬೇಕಾದಷ್ಟು ಮೇವು ಒದಗಿಸಿತು. ಎಂಟು ತಂಡಗಳಿಗೆ ಮುಂದೆ ಹೋಗುವ ಅವಕಾಶ, ಮೇಲಿನ ನಾಲ್ಕಕ್ಕೆ ಸೋತರೂ ಮತ್ತೊಂದು ಆಟ. ಹಿಂದಿನ ಸೀಸನ್‌ನಲ್ಲಿ ಪಟ್ಟಿಯ ತಳದಲ್ಲಿದ್ದ ಬುಲ್ಸ್, 2001ರ ಅರ್ಜುನ ಪ್ರಶಸ್ತಿ ವಿಜೇತ ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿ ಬಂದ ಮೇಲೆ ಮೇಲಿನ ನಾಲ್ಕರೊಳಗೆ ಬಂತು. ಎದುರು ಸಿಕ್ಕಿದ್ದು ತೆಲುಗು ಟೈಟನ್ಸ್. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಊರುಗಳಲ್ಲಿ ಅಂದು ಒಂದೇ ಸೋಫಾದಲ್ಲಿ ಎರಡು ಪಕ್ಷ. ಟೈಟನ್ಸ್ ಗೆದ್ದಿತು. ಸೋತ ಬುಲ್ಸ್‌ಗೆ ಇನ್ನೊಂದು ಅವಕಾಶ ಸಿಕ್ಕಿ, ಪಟ್ನಾ ಎದುರು ಅದೂ ಕೈತಪ್ಪಿತು. "ಸೋತೋರ್ಗೆ ಮತ್ತೆ ಯಾಕೆ ಚಾನ್ಸು? ನಮ್ಮೂರ ಟೂರ್ನಮೆಂಟಲ್ಲಿ ಸೋತ್ರೆ ಬ್ಯಾಗ್ ಎತ್ಕೊಂಡು ಹೋಗೋದೇ" ಎನ್ನುವುದು ಟೈಟನ್ಸ್ ಪಕ್ಷದ ವಾದ. "ಮೇಲಿನ ಸ್ಥಾನಕ್ಕೆ ಬೆಲೆ ಬೇಡ್ವಾ? ಇಲ್ದಿದ್ರೆ 18 ಮ್ಯಾಚು ಆಡಿದ್ಯಾಕೆ?" ಎನ್ನುವುದು ಬುಲ್ಸ್ ಪಕ್ಷದ್ದು. ಲೀಗ್ ಹಂತಕ್ಕೆ ಅರ್ಥ ಇರಬೇಕಾದರೆ ಎರಡನೆಯದೇ ಸರಿ ಎಂದು ನಾನಂದುಕೊಂಡಿದ್ದೇನೆ. ಗೌರಿಬಿದನೂರಿನ ಗೆಳೆಯರೊಬ್ಬರು ಇದನ್ನು ಇವತ್ತಿಗೂ ಒಪ್ಪಿಲ್ಲ, ಮುಂದಿನ ಸೀಸನ್‌ನ ಪಟ್ಟಿ ಬರಲಿ, ಆಮೇಲೆ ಮಾತಾಡೋಣ ಎಂದಿದ್ದಾರೆ.