ಕಾಲ್ಚೆಂಡಿನ ಕಣದಲ್ಲಿ ಮತದ್ವೇಷ

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕಾಲ್ಚೆಂಡಾಟದ ಎರಡು ಹಳೆಯ ತಂಡಗಳಿವೆ: ರೇಂಜರ್ಸ್ ಮತ್ತು ಸೆಲ್ಟಿಕ್. ಮೊದಲನೆಯದರ ಅಭಿಮಾನಿಗಳು ಬಹುಮಟ್ಟಿಗೆ ಪ್ರಾಟೆಸ್ಟೆಂಟರು. ಎರಡನೆಯದರವರಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕರ ಸಂತತಿಯವರೇ ಹೆಚ್ಚು. 1887ರಲ್ಲಿ ಸೆಲ್ಟಿಕ್ ಹುಟ್ಟಿದ್ದೇ ಬಡ ವಲಸಿಗರ ಮಕ್ಕಳ ಊಟಕ್ಕೆ ಹಣ ಕೂಡಿಸಲೆಂದು. ಅಂಥ ತಂಡದ ಆಟವೂ ದ್ವೇಷಕ್ಕೆ ನೆಪವಾದುದು ವಿಷಾದಕರ.

ಉತ್ತರ ಐರ್ಲೆಂಡಿನಲ್ಲಿ, ಬ್ರಿಟನ್ನಿನೊಡನೆ ಉಳಿಯಬೇಕೆಂಬವರಿಗೂ ಐರ್ಲೆಂಡಿನೊಡನೆ ಕೂಡಬೇಕೆಂಬವರಿಗೂ 1960ರ ದಶಕದ ಕೊನೆಯಲ್ಲಿ ಭುಗಿಲೆದ್ದ ಕಲಹ 1998ರ ಒಪ್ಪಂದದವರೆಗೆ ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡಿತು. ಒಬ್ಬರ ಭಯೋತ್ಪಾದಕನೇ ಇನ್ನೊಬ್ಬರ ವೀರನಾದನು; ಅವನನ್ನು ಹೊಗಳುವ ಹಾಡುಗಳು ಗ್ಲಾಸ್ಗೋದ ಪ್ರೇಕ್ಷಕರ ಬಾಯಲ್ಲಿಯೂ ಮೊಳಗಿದವು. 2002ರಲ್ಲಿ ಉತ್ತರ ಐರ್ಲೆಂಡ್ ತಂಡದ ನಾಯಕತ್ವ ವಹಿಸಬೇಕಿದ್ದ ಸೆಲ್ಟಿಕ್ ಆಟಗಾರ ನೀಲ್ ಲೆನನ್ ಕೊಲೆಬೆದರಿಕೆಯ ಕಾರಣ ಆ ತಂಡವನ್ನೇ ತೊರೆದರು. ಇಂಥ ವರ್ತನೆಯನ್ನು ತಡೆಯಲು 2012ರಲ್ಲಿ ಜಾರಿಗೆ ಬಂದ ಶಾಸನವೂ 2018ರಲ್ಲಿ ರದ್ದಾಯಿತು.

ಶಾಸನ ಮಾಡಲಾರದುದನ್ನು ಆಟ ಕೆಲವೊಮ್ಮೆ ಮಾಡಿದೆ. 1967ರಲ್ಲಿ ಸೆಲ್ಟಿಕ್‌ಗೆ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಜಾಕ್ ಸ್ಟೀನ್ ಪ್ರಾಟೆಸ್ಟೆಂಟರು. ಬಹುಕಾಲ ಕ್ಯಾಥೊಲಿಕರನ್ನು ದೂರವಿಟ್ಟಿದ್ದ ರೇಂಜರ್ಸ್ 1989ರಲ್ಲಿ ಮೊ ಜಾನ್‌ಸ್ಟನ್ನರನ್ನು ಸೇರಿಸಿಕೊಂಡಾಗ ಕೆಲವರು ಸಿಟ್ಟಿನಿಂದ ತಂಡದ ಸ್ಕಾರ್ಫುಗಳನ್ನೇ ಸುಟ್ಟರು. ಅದೇ ವರ್ಷ ಅವರು ಸೆಲ್ಟಿಕ್ ವಿರುದ್ಧ ವಿಜಯದ ಗೋಲು ಹೊಡೆದಾಗ ರೇಂಜರ್ಸ್ ಪ್ರೇಕ್ಷಕರು ಹರ್ಷೋದ್ಗಾರ ಮಾಡಿದರು.

ಪರಊರಿನಲ್ಲಿ ದುಡಿದುಣ್ಣುವ ನಮಗೆ ಇದು ದೂರದ ಕಥೆಯಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳ ಮೇಲೆ ದಾಳಿ ನಡೆದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ತಂಡದ ಪಕ್ಷ ವಹಿಸೋಣ, ವಾದಿಸೋಣ. ಎದುರಿಗಿರುವವನ ಮತವನ್ನೋ ಭಾಷೆಯನ್ನೋ ನೋಡಿ ಅವನನ್ನು ವೈರಿಯೆಂದು ಎಣಿಸದಿರೋಣ.