ಡೆಲ್ ಬಾಯ್ ಗಾಡಿಗೆ ಬೆಂಗಳೂರಿನ ದಾಯಾದಿ

ಬಿ.ಬಿ.ಸಿ.ಯಲ್ಲಿ 1981ರಲ್ಲಿ ಶುರುವಾದ ಹಾಸ್ಯ ಧಾರಾವಾಹಿ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’. ದಿಢೀರ್ ಶ್ರೀಮಂತನಾಗುವ ಕನಸು ಕಾಣುವ ಡೆಲ್ ಬಾಯ್ ಎಂಬ ಬೀದಿ ವ್ಯಾಪಾರಿಯ ಕತೆ ಅದು. ಅವನ ವಾಹನವೋ, ಮುಂದೆ ಒಂದು, ಹಿಂದೆ ಎರಡು ಗಾಲಿಯ ಮಾಸಲು ಹಳದಿ ವ್ಯಾನು. ಅದರ ಮೈಮೇಲೆ ಮಾತ್ರ ‘ನ್ಯೂಯಾರ್ಕ್ – ಪ್ಯಾರಿಸ್ – ಪೆಕ್‌ಹ್ಯಾಮ್’ ಎಂಬ ಬರಹ!

ಇದೇ ಜಾತಿಯ ನೀಲಿ ಗಾಡಿಯನ್ನು ‘ಮಿಸ್ಟರ್ ಬೀನ್’ ನೋಡಿದವರು ಮರೆತಿರಲಾರರು. ಬೀನ್‌ನ ಪುಟ್ಟ ಮಿನಿ ಕಾರು ಎದುರಾದಾಗಲೆಲ್ಲ ಮಗುಚಿಕೊಳ್ಳುವ ಬಡಪಾಯಿ ಅದು.

ಎರಡೂ ರಿಲಯಂಟ್ ಕಂಪನಿಯ ‘ರೀಗಲ್’ ಗಾಡಿಗಳು. ಬ್ರಿಟನ್ನಿನಲ್ಲಿ ಮೂರು ಗಾಲಿಯ ಹಗುರ ವಾಹನಕ್ಕೆ ತೆರಿಗೆ ಕಡಿಮೆ. ಮೋಟಾರ್ ಸೈಕಲ್ ಲೈಸೆನ್ಸ್ ಇದ್ದರೂ ಓಡಿಸಬಹುದಿತ್ತು. ತೂಕ ಇಳಿಸಲೆಂದೇ ಮೈಯೆಲ್ಲ ಫೈಬರ್ ಗ್ಲಾಸ್. ಹೀಗಾಗಿ ಅದು ಬಡವರ ಕಾರು, ನಗೆಪಾಟಲಿನ ಕಾರು.

ಈ ಮನೆತನದ ಒಂದು ಕುಡಿ ನಮ್ಮ ಬೆಂಗಳೂರಿಗೂ ಬಂದಿತ್ತೆಂಬುದು ಎಷ್ಟು ಮಂದಿಗೆ ನೆನಪಿದೆ? ಇಲ್ಲಿನ ಸನ್‌ರೈಸ್ ಸಂಸ್ಥೆ 1970ರ ದಶಕದಲ್ಲೇ ‘ಬಾದಲ್’ ಎಂಬ ಮೂರು ಗಾಲಿಯ ಕಾರು ತಯಾರಿಸಿತ್ತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಯಿತು. ರಿಲಯಂಟ್‌ನ ನಾಲ್ಕು ಗಾಲಿಯ ‘ಕಿಟನ್’ ಮಾದರಿಯ ಹಕ್ಕು ಪಡೆದು, 80ರ ದಶಕದ ಆರಂಭದಲ್ಲಿ ‘ಡಾಲ್ಫಿನ್’ ಹೆಸರಿನಲ್ಲಿ ರಸ್ತೆಗಿಳಿಸಿತು. 848 ಸಿ.ಸಿ. ಎಂಜಿನ್, ಎರಡೇ ಬಾಗಿಲು, ತುಕ್ಕು ಹಿಡಿಯದ ಫೈಬರ್ ಮೈ. ಉಕ್ಕಿನ ತಗಡು ಒತ್ತುವ ದುಬಾರಿ ಯಂತ್ರಗಳಿಲ್ಲದೆ, ಅಚ್ಚಿನಲ್ಲೇ ಮೈ ರೂಪಿಸಿ ಕಾರು ಕಟ್ಟಬಹುದಿತ್ತು. ಸಣ್ಣ ಕಂಪನಿಗೆ ಇದ್ದ ದಾರಿ ಅದೊಂದೇ.

ಜನ ಅಂಬಾಸಡರ್, ಪದ್ಮಿನಿಗಳಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಹಗುರ ಮೈಯ ಡಾಲ್ಫಿನ್ ರ‍್ಯಾಲಿ ಪಟುಗಳ ಮುದ್ದಿನ ಕಾರಾಯಿತು. ಆದರೆ ಸಂಸಾರಸ್ಥರಿಗೆ ಬೇಕಿದ್ದುದು ನಾಲ್ಕು ಬಾಗಿಲು. 1983ರ ಡಿಸೆಂಬರ್‌ನಲ್ಲಿ ಸರ್ಕಾರದ ಬಲ, ಜಪಾನಿನ ಸುಜುಕಿಯ ಬೆಂಬಲದೊಡನೆ ಮಾರುತಿ 800 ಬಂತು. ಬೆಲೆ ಅರ್ಧ ಲಕ್ಷದೊಳಗೆ! ಸಿಪಾನಿ ಬಾಗಿಲು ಹೆಚ್ಚಿಸಿ ‘ಮೊಂಟಾನಾ’ ತಂದರೂ ಕಾಲ ಮಿಂಚಿತ್ತು.

ವಿಚಿತ್ರ ನೋಡಿ: ಬ್ರಿಟಿಷರು ನಕ್ಕು ನಕ್ಕೇ ತಮ್ಮ ಬಡ ಗಾಡಿಯನ್ನು ಉಳಿಸಿಕೊಂಡರು. ಧಾರಾವಾಹಿಯ ಅಭಿಮಾನಿಗಳು ಇಂದಿಗೂ ಹಳೆಯ ರೀಗಲ್‌ಗಳಿಗೆ ಹಳದಿ ಬಳಿದು ಮೆರೆಸುತ್ತಾರೆ. ನಮ್ಮ ಡಾಲ್ಫಿನ್‌ಗೆ ನಗುವ ಭಾಗ್ಯವೂ ಇಲ್ಲ, ಅಳುವವರೂ ಇಲ್ಲ. ದೊಡ್ಡ ಬಂಡವಾಳವಿಲ್ಲದೆ ಕಾರು ಮಾಡಹೊರಟ ಬೆಂಗಳೂರಿನ ಧೈರ್ಯಕ್ಕೆ ಸಾಕ್ಷಿ ಅದೊಂದೇ.

ಬೆಂಗಳೂರಿನಲ್ಲೋ, ಗೌರಿಬಿದನೂರು, ಚಿಂತಾಮಣಿಯ ಕಡೆಯೋ ಯಾವುದಾದರೂ ಶೆಡ್ಡಿನಲ್ಲಿ ಡಾಲ್ಫಿನ್ ಒಂದು ದೂಳು ಹಿಡಿದು ನಿಂತಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಫೈಬರ್ ಮೈಗೆ ಗುಜರಿಯವನು ಕೊಡುವುದು ಹೇಗೂ ಅಷ್ಟಕ್ಕಷ್ಟೆ!