ಟೊಮೆಟೊ ಲೋಡಾಯ್ತು ಅಂತ ಹೊರಡಬೇಡಿ, ಒಂದು ರಾತ್ರಿ ನಿಲ್ಲಿ

ಶನಿವಾರ, ಭಾನುವಾರ ಎರಡು ದಿನ ಬಿಡುವು ಸಿಕ್ಕಿತೆಂದರೆ ಬಳ್ಳಾರಿ, ಸಿರುಗುಪ್ಪ, ರಾಯಚೂರು ಕಡೆಯ ಜನ ಹೊರಡುವುದು ಮಂತ್ರಾಲಯಕ್ಕೆ, ಇಲ್ಲವೆ ಹಂಪಿಗೆ. ಕೈಯಲ್ಲಿ ಸ್ವಲ್ಪ ಕಾಸು ಆಡುತ್ತಿದ್ದರೆ ಶ್ರೀಶೈಲ. ‘ಬರ್ರಿ, ಪತ್ತಿಕೊಂಡಕ್ಕೆ ಹೋಗಿ ಎರಡು ದಿನ ಇದ್ದು ಬರೋಣ’ ಎಂದವರನ್ನು ನಾನಂತೂ ಈವರೆಗೆ ಕಂಡಿಲ್ಲ. ಬರುವವರೇನೋ ಬರುತ್ತಾರೆ. ಲಾರಿ ತಗೊಂಡು ಬರುತ್ತಾರೆ, ಟೊಮೆಟೊ ಲೋಡ್ ಮಾಡಿಸುತ್ತಾರೆ, ಒಂದು ಚಹಾ ಕುಡಿದು ಹೊರಟುಬಿಡುತ್ತಾರೆ.

ಸಿರುಗುಪ್ಪದ ನಮ್ಮ ಬೀಗರು ಒಮ್ಮೆ ನೇರವಾಗಿಯೇ ಕೇಳಿದರು: “ಅಲ್ರೀ ಬೀಗರೇ, ಟೊಮೆಟೊ ಬಿಟ್ರೆ ನಿಮ್ಮ ಪತ್ತಿಕೊಂಡದಾಗ ನೋಡಾಕ ಏನೈತ್ರೀ?”

ಐತೆ. ಆದರೆ ಹಂಪಿಯ ಹಾಗೆ ಕಣ್ಣಿಗೆ ಹೊಡೆಯುವಂಥದ್ದಲ್ಲ. ಹೊಲ, ಪಹಣಿ, ಸರ್ವೆ ನಂಬರು, ಹದ್ದಿನ ಕಲ್ಲು ಇವುಗಳ ಜೊತೆ ಬಾಳು ಸವೆಸಿದವರಿಗೆ ಮಾತ್ರ ತಿಳಿಯುವಂಥದ್ದು. ಅದಕ್ಕೇ ಈ ಪುಟದ ಓದುಗರಿಗೆ ಹೇಳುತ್ತಿದ್ದೇನೆ.

ಮೊದಲು ಹೆಸರು. ತೆಲುಗಿನಲ್ಲಿ ಪತ್ತಿ ಅಂದರೆ ಹತ್ತಿ, ಕೊಂಡ ಅಂದರೆ ಬೆಟ್ಟ. ಹತ್ತಿಬೆಟ್ಟ ಅನ್ನಿ. ಹಳಗನ್ನಡದಲ್ಲಿ ಪಾಲ್, ಪುಲಿ ಎಂದಿದ್ದದ್ದು ಮುಂದೆ ಹಾಲು, ಹುಲಿ ಆಯಿತು. ತೆಲುಗು ಮಾತ್ರ ಹಳೇ ‘ಪ’ ಬಿಡಲಿಲ್ಲ. ಅಲ್ಲೇ ಹತ್ತಿರ ಪಂದಿಕೋನ ಅಂತ ಇನ್ನೊಂದು ಊರು. ಪಂದಿ ಅಂದರೆ ನಮ್ಮ ಹಂದಿಯೇ. ಆ ಊರಿನ ಕಾವಲು ನಾಯಿಗೆ ದೊಡ್ಡ ಹೆಸರು. ಕುರಿಗಾರರು, ತೋಟದವರು ಮರಿ ಹುಡುಕಿಕೊಂಡು ದೂರದಿಂದ ಬರುತ್ತಾರೆ. ಅದೇ ಮಂಡಲದಲ್ಲಿ ಹೊಸೂರು ಅಂತಲೂ ಒಂದು ಊರಿದೆ. ತೆಲುಗರು ಇಟ್ಟ ಹೆಸರಾಗಿದ್ದರೆ ಕೊತ್ತೂರು ಆಗುತ್ತಿತ್ತು. ಪೇಟೆಯಲ್ಲಿ ಈಗ ತೆಲುಗೇ ಜಾಸ್ತಿ. ಆದರೂ ನೀವು ಕನ್ನಡದಲ್ಲಿ ಕೇಳಿದರೆ ವಯಸ್ಸಾದವರು ಅರ್ಥ ಮಾಡಿಕೊಳ್ಳುತ್ತಾರೆ, ಅರ್ಧ ಅದರಲ್ಲಿ ಅರ್ಧ ಇದರಲ್ಲಿ ಉತ್ತರ ಕೊಡುತ್ತಾರೆ. ನನ್ನ ಪದ್ಯಗಳೂ ಹಾಗೇ, ಬಿಡಿ.

ಹೊರಡುವುದು ಹೇಗೆ?

ಬಳ್ಳಾರಿಯವರು ಶನಿವಾರ ಬೆಳಕು ಹರಿಯುವ ಮುಂಚೆ ಹೊರಡಿ. ಆಲೂರು, ಆಸ್ಪರಿ ಮೇಲೆ ದಾರಿ. ಆದೋನಿ ಕಡೆಯವರೂ ಆಸ್ಪರಿಗೇ ಬಂದು ಸೇರಬೇಕು. ಸ್ವಂತ ಗಾಡಿ ಇಲ್ಲದವರು ಬಳ್ಳಾರಿಯಿಂದ ರೈಲಿನಲ್ಲಿ ಗುಂತಕಲ್ಲಿಗೆ ಬಂದು ಬಸ್ಸು ಹಿಡಿಯಬಹುದು. ಏಪ್ರಿಲ್, ಮೇ ತಿಂಗಳು ಬೇಡವೇ ಬೇಡ, ಕಲ್ಲು ಸುಡುತ್ತದೆ. ಶೇಂಗಾ ಹೊಲ ಹಸಿರಾಗಿರುವ ಆಗಸ್ಟ್, ಸೆಪ್ಟೆಂಬರ್ ಚಂದ. ದೀಪಾವಳಿ ಆದ ಮೇಲಿನ ಚಳಿಗಾಲ ಇನ್ನೂ ಚಂದ. ದೊಡ್ಡ ಹೋಟೆಲು ನಿರೀಕ್ಷಿಸಬೇಡಿ, ಸಾದಾ ಲಾಡ್ಜು ಸಾಕು ಅಂದುಕೊಂಡು ಬನ್ನಿ. ತಿನ್ನಲು ಉಗ್ಗಾಣಿ, ಬಜ್ಜಿ. ನೀವು ಒಗ್ಗಣಿ ಅಂತೀರಿ, ಮಂಡಾಳು ಮಾತ್ರ ಅದೇ.

ಸೀಸನ್ನಿದ್ದರೆ ಮೊದಲು ಟೊಮೆಟೊ ಮಾರ್ಕೆಟ್ಟಿಗೇ ಹೋಗಿ. ವ್ಯಾಪಾರಿಗಳಿಗೆ ನಾನು ಹೇಳಿಕೊಡಬೇಕಾದ್ದಿಲ್ಲ, ಆದರೆ ಹೆಂಡತಿ ಮಕ್ಕಳಿಗೆ ತೋರಿಸಿ. 2023ರ ಜುಲೈನಲ್ಲಿ ದೇಶದ ತುಂಬ ಕಿಲೋ ನೂರು ರೂಪಾಯಿ ದಾಟಿದ ಹಣ್ಣು ಇದೇ. ಕಿಲೋ ಒಂದು ರೂಪಾಯಿಗೂ ಕೇಳುವವರಿಲ್ಲದೆ ರೈತರು ರಸ್ತೆಗೆ ಸುರಿದು ಹೋದದ್ದೂ ಇದೇ ಹಣ್ಣು. ಕೊಯ್ಲಿನ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದು ಕೈಗೆ ಬಂದ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತ ರೈತನ ಮುಖವನ್ನು ಊರಲ್ಲಿ ಬೆಳೆದ ಮಕ್ಕಳು ಒಮ್ಮೆಯಾದರೂ ನೋಡಬೇಕು. ಹಣ್ಣಿನ ರಸ ತೆಗೆಯುವ ಫ್ಯಾಕ್ಟರಿಯ ಮಾತು ಎಲೆಕ್ಷನ್ನಿಂದ ಎಲೆಕ್ಷನ್ನಿಗೆ ಕೇಳಿ ಕೇಳಿ ನಮ್ಮ ಕಿವಿ ಹಣ್ಣಾಗಿದೆ.

ಬಾವಿ ಮತ್ತು ಸರಪಳಿ

ಮಧ್ಯಾಹ್ನ ಮಲಗಿ. ಬಿಸಿಲು ಇಳಿದ ಮೇಲೆ ಮನ್ರೋ ಹೆಸರಿನ ಬಾವಿ ಎಲ್ಲಿ ಅಂತ ಹಿರಿಯರನ್ನು ಕೇಳಿಕೊಂಡು ಹೋಗಿ. ಪತ್ತಿಕೊಂಡಕ್ಕೆ ಬರಲೇಬೇಕಾದ ಕಾರಣ ಅದು.

ಸರ್ ಥಾಮಸ್ ಮನ್ರೋ ಸತ್ತದ್ದು ಇದೇ ಊರಿನಲ್ಲಿ, 1827ರ ಜುಲೈ 6ರಂದು, ಕಾಲರಾದಿಂದ. ಮಂತ್ರಾಲಯಕ್ಕೆ ಹೋದವರಿಗೆಲ್ಲ ಈ ಹೆಸರು ಗೊತ್ತು. ರಾಯರು ಬೃಂದಾವನದಿಂದ ಎದ್ದುಬಂದು ಮಾತಾಡಿಸಿದ ದೊರೆ ಎನ್ನುವ ಕಥೆಯ ದೊರೆ ಇವನೇ. 1800ರಲ್ಲಿ ನಿಜಾಮ ಈ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟಾಗ ಬಳ್ಳಾರಿ, ಅನಂತಪುರ, ಕಡಪ ಕಡೆಗೆಲ್ಲ ಪ್ರಿನ್ಸಿಪಲ್ ಕಲೆಕ್ಟರಾಗಿ ಬಂದ. ಏಳು ವರ್ಷ ಇದ್ದ, ಬಹುಪಾಲು ಡೇರೆಯಲ್ಲೇ. 1820ರಲ್ಲಿ ಮದ್ರಾಸಿನ ಗವರ್ನರಾದ. ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಡುವ ಮುಂಚೆ ಹಳೇ ಸೀಮೆಯನ್ನು ಕೊನೆಗೊಮ್ಮೆ ನೋಡಿ ಬರೋಣವೆಂದು ಬಂದವನು, ಗುತ್ತಿ ದಾಟಿ ಪತ್ತಿಕೊಂಡಕ್ಕೆ ಬಂದಾಗ ರೋಗ ತಗುಲಿತು. ರಾತ್ರಿಯೊಳಗೆ ಮುಗಿಯಿತು. ಗುತ್ತಿಗೆ ಒಯ್ದು ಹೂಳಿದರು. 1831ರಲ್ಲಿ ಅಸ್ಥಿಯನ್ನು ಮದ್ರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಿದರು.

ಸತ್ತ ಜಾಗದಲ್ಲಿ ಸರ್ಕಾರ ಏನು ಮಾಡಿತು? ಒಂದು ತೋಪು ನೆಡಿಸಿತು, ಕಲ್ಲಿನ ಮೆಟ್ಟಿಲುಗಳ ಬಾವಿ ಕಟ್ಟಿಸಿತು. ಮದ್ರಾಸಿನಲ್ಲಿ ಅವನಿಗೆ ಕುದುರೆ ಏರಿದ ದೊಡ್ಡ ಕಂಚಿನ ಪ್ರತಿಮೆ ಇದೆ. ನನ್ನನ್ನು ಕೇಳಿದರೆ ಈ ಬರದ ಸೀಮೆಯ ಬಾವಿಯೇ ಮೇಲು. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನ ಡಾಕ್ಟರು ಜಾನ್ ಸ್ನೋ ತೋರಿಸಿಕೊಟ್ಟದ್ದು 1854ರಲ್ಲಿ. 1827ರಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ. ನೀರಿನ ರೋಗದಿಂದ ಹೋದವನ ನೆನಪಿಗೆ ನೀರನ್ನೇ ಕೊಟ್ಟರು. ಮಕ್ಕಳನ್ನು ಕರೆದುಕೊಂಡು ಹೋದವರು ಮೇಲೆ ನಿಂತು ನೋಡಿ, ಇಳಿಯುವ ಸಾಹಸ ಬೇಡ.

ಮನ್ರೋ ದೇವರೇನಲ್ಲ. ಕಂಪನಿಯ ಖಜಾನೆ ತುಂಬಿಸಲು ಬಂದ ಮನುಷ್ಯ. ಎಂಬತ್ತು ಜನ ಪಾಳೆಗಾರರನ್ನು ಮಣಿಸಿ ಕಂದಾಯ ಕಟ್ಟಿಸಿಕೊಂಡ. ಬೆಳೆದದ್ದರಲ್ಲಿ ನೂರಕ್ಕೆ 45 ಪಾಲು ಸರ್ಕಾರಕ್ಕೆ ಎನ್ನುವ ಲೆಕ್ಕದ ಮೇಲೆ ತೀರ್ವೆ ಹಾಕಿದರು, ಅದು ರೈತನ ರಕ್ತ ಹೀರುವ ದರವೇ ಸರಿ. ಆದರೆ 1807ರಲ್ಲಿ ಹೊರಡುವಾಗ ಇದು ಹೆಚ್ಚಾಯಿತು, ಕಾಲು ಭಾಗ ಇಳಿಸಿ ಅಂತ ಮೇಲಿನವರಿಗೆ ಬರೆದವನೂ ಅವನೇ. ಆಗ ಕೇಳಿದವರಿಲ್ಲ. ತಾನೇ ಗವರ್ನರಾದ ಮೇಲೆ ಇಳಿಸಿದ. ನಡುವೆ ಜಮೀನ್ದಾರ ಇಲ್ಲದೆ ರೈತನ ಹೆಸರಿಗೇ ನೇರವಾಗಿ ಪಟ್ಟಾ ಎನ್ನುವ ರೈತವಾರಿ ಪದ್ಧತಿ ಈ ಸೀಮೆಯಲ್ಲಿ ಬೇರೂರಿದ್ದು ಅವನ ಕಾಲದಲ್ಲಿ.

ಅದಕ್ಕೆ ಹೊಲ ಹೊಲವನ್ನೂ ಅಳೆಸಿದರು. ಅಳತೆಯ ಸರಪಳಿ 33 ಅಡಿ. ಓದುಗರೇ, ಈ 33ನ್ನು ಎಲ್ಲೋ ಕೇಳಿದ ಹಾಗಿದೆಯಲ್ಲವೆ? 33ಕ್ಕೆ 33 ಅಡಿ ಚೌಕವೇ ನಿಮ್ಮ ಗುಂಟೆ. 40 ಗುಂಟೆಗೆ ಎಕರೆ. ಇವತ್ತೂ ಕರ್ನಾಟಕದ ಹಲವು ಕಡೆ ಪಹಣಿಯಲ್ಲಿ ಎಕರೆ, ಗುಂಟೆ ಅಂತಲೇ ಇರುತ್ತದೆ. ಆ ಸರಪಳಿ ಓಡಾಡಿದ ಪತ್ತಿಕೊಂಡದಲ್ಲಿ ಮಾತ್ರ ನಾವು ಸೆಂಟಿನಲ್ಲಿ ಎಣಿಸುತ್ತೇವೆ, ನೂರು ಸೆಂಟಿಗೆ ಎಕರೆ. ಗಡಿಯ ಎರಡೂ ಕಡೆ ಹೊಲ ಇರುವ ಮನೆಗಳಲ್ಲಿ ಅಣ್ಣ ಗುಂಟೆಯಲ್ಲಿ ಜಗಳಾಡಿದರೆ ತಮ್ಮ ಸೆಂಟಿನಲ್ಲಿ ಜಗಳಾಡುತ್ತಾನೆ. ಅಲ್ಲಿ ಪಹಣಿ, ಇಲ್ಲಿ ಅಡಂಗಲ್ ಮತ್ತು 1-ಬಿ.

ಇನ್ನೊಂದು ಮಾತು. ಮನ್ರೋ ಸತ್ತಾಗ ಪತ್ತಿಕೊಂಡ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ. 1858ರಲ್ಲಿ ಅದನ್ನು ತೆಗೆದು ಕರ್ನೂಲಿಗೆ ಸೇರಿಸಿದರು. ಆದೋನಿ, ಆಲೂರು, ರಾಯದುರ್ಗ ಬಳ್ಳಾರಿಯಿಂದ ಹೋದದ್ದು 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯವಾದ ದಿನ. ಗಡಿ ವಿವಾದ ಎಂದಾಗಲೆಲ್ಲ ನಾವು 1953 ಅಂತೀವಿ. ಅದಕ್ಕಿಂತ 95 ವರ್ಷ ಮುಂಚೆಯೇ ಹೋದ ಪತ್ತಿಕೊಂಡದ ಸುದ್ದಿ ಯಾರೂ ಎತ್ತುವುದಿಲ್ಲ. 2022ರಲ್ಲಿ ಅದು ರೆವಿನ್ಯೂ ಡಿವಿಜನ್ ಕೇಂದ್ರವೂ ಆಯಿತು.

ಈ ಅಳತೆಯ ಪುರಾಣ ಯಾಕೆ ಬಿಚ್ಚಿದೆನೆಂದರೆ, ನಮ್ಮಲ್ಲಿ ಅದು ಹಳೇ ಕಥೆಯಾಗಿ ಉಳಿದಿಲ್ಲ. 2020ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ಮತ್ತೆ ಹೊಲ ಅಳೆಯುವ ಕೆಲಸ ಶುರು ಮಾಡಿತು, ಈ ಸಲ ಡ್ರೋನು ಹಾರಿಸಿ. ನಮ್ಮ ಒಂದು ಹೊಲ ತಾತನ ಕಾಲದ ಕಾಗದದಲ್ಲಿ ಇದ್ದದ್ದಕ್ಕಿಂತ 11 ಸೆಂಟು ಕಮ್ಮಿ ಬಂತು. ಪಕ್ಕದವನು ಒತ್ತಿಲ್ಲ, ಬದು ಸರಿದಿಲ್ಲ, ಬದುವಿನ ಮೇಲಿನ ಬೇವಿನ ಮರವೂ ಇದ್ದಲ್ಲೇ ಇದೆ. ಕಚೇರಿಯಲ್ಲಿ ಅರ್ಜಿ ಕೊಟ್ಟರೆ “ಕಂಪ್ಯೂಟರ್‌ನಲ್ಲಿ ಹಾಗೇ ಬಂದಿದೆ ಪೆದ್ದಾಯನಾ, ನಾನೇನ್ ಮಾಡ್ಲಿ” ಅಂದ ಹುಡುಗ. ಅವನ ತಪ್ಪೂ ಅಲ್ಲ. ಭೂಹಕ್ಕಿನ ಹೊಸ ಕಾಯಿದೆ ಒಂದು ಬಂದು, ಊರೂರಲ್ಲಿ ಜನ ಹೆದರಿ, ಎಲೆಕ್ಷನ್ ಮುಗಿದ ಮೇಲೆ 2024ರಲ್ಲಿ ಅದು ರದ್ದಾಯಿತು. ನನ್ನ 11 ಸೆಂಟಿನ ಅರ್ಜಿ ಇನ್ನೂ ಓಡಾಡುತ್ತಿದೆ. ನಿಮಗೂ ಅಡಂಗಲ್ ಕೆಲಸ ಇದ್ದರೆ ಶುಕ್ರವಾರವೇ ಬನ್ನಿ, ಎರಡನೇ ಶನಿವಾರ ಕಚೇರಿ ಬಾಗಿಲು ಹಾಕಿರುತ್ತದೆ.

ಭಾನುವಾರ: ಎತ್ತು ತಿರುಗಿದ ಹಾಗೆ ಅಕ್ಷರ

ಬೆಳಗ್ಗೆ ಬೇಗ ಎದ್ದು ಗುತ್ತಿ ರಸ್ತೆ ಹಿಡಿಯಿರಿ. ದಾರಿಯಲ್ಲಿ ಎರ್ರಗುಡಿ ಶಾಸನಗಳ ಗುಡ್ಡ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಶೋಕ ಚಕ್ರವರ್ತಿ ಕೆತ್ತಿಸಿದ್ದು. 1928-29ರ ಸುಮಾರಿಗೆ ಅನು ಘೋಷ್ ಎಂಬ ಭೂವಿಜ್ಞಾನಿಯಿಂದ ಇವು ಬೆಳಕಿಗೆ ಬಂದವು. ಸಿರುಗುಪ್ಪದವರಿಗೆ ನಿಟ್ಟೂರು, ಉಡೇಗೋಳದ ಅಶೋಕನ ಶಾಸನ ಗೊತ್ತು, ರಾಯಚೂರಿನವರಿಗೆ ಮಸ್ಕಿ. ಅವು ಚಿಕ್ಕ ಶಾಸನಗಳು. ಎರ್ರಗುಡಿಯಲ್ಲಿ ಚಿಕ್ಕವೂ ಇವೆ, ಹದಿನಾಲ್ಕು ದೊಡ್ಡ ಶಾಸನಗಳೂ ಇವೆ, ಒಂದೇ ಗುಡ್ಡದ ಬಂಡೆಗಳ ಮೇಲೆ.

ರೈತನಾದವನು ನೋಡಲೇಬೇಕಾದದ್ದು ಒಂದಿದೆ. ಚಿಕ್ಕ ಶಾಸನದ ಹಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಮುಂದಿನ ಸಾಲು ಬಲದಿಂದ ಎಡಕ್ಕೆ ಬರುತ್ತದೆ. ಎತ್ತು ಸಾಲು ಹೊಡೆದು ಬದುವಿನ ಹತ್ತಿರ ತಿರುಗಿಕೊಂಡು ಬಂದ ಹಾಗೆ! ಪಂಡಿತರು ಇದಕ್ಕೆ ಏನೇನೋ ಕಾರಣ ಕೊಡುತ್ತಾರೆ. ಕೆತ್ತಿದವನು ಹೊಲದ ಮನುಷ್ಯನೇ ಇರಬೇಕು ಅಂತ ನನ್ನ ಊಹೆ, ಪುರಾವೆ ಕೇಳಬೇಡಿ.

ಅದರಲ್ಲಿ ರಜ್ಜುಕ ಎಂಬ ಅಧಿಕಾರಿಗೆ ಅಪ್ಪಣೆ ಇದೆ: ಡಂಗುರ ಹೊಡೆಸಿ ನಾಡಿನ ಜನರಿಗೆ ತಿಳಿಸಬೇಕು, ತಂದೆ ತಾಯಿಯ ಮಾತು ಕೇಳಿರಿ, ಜೀವಿಗಳ ಮೇಲೆ ದಯೆ ಇರಲಿ ಎಂದು. ರಜ್ಜು ಅಂದರೆ ಹಗ್ಗ. ಹಗ್ಗ ಹಿಡಿದು ಭೂಮಿ ಅಳೆಯುವ ಅಧಿಕಾರಿಯೇ ರಜ್ಜುಕ ಎಂದು ವಿದ್ವಾಂಸರು ಹೇಳುತ್ತಾರೆ. ನಿನ್ನೆ ಬಾವಿ ಹತ್ತಿರ ಸರಪಳಿ, ಇವತ್ತು ಬಂಡೆ ಮೇಲೆ ಹಗ್ಗ, ನನ್ನ ಹೊಲದ ಮೇಲೆ ಡ್ರೋನು. ಬೀಗರನ್ನು ಅಲ್ಲಿ ನಿಲ್ಲಿಸಿ ಇದನ್ನು ಹೇಳಿದಾಗ ಅವರು ಬಂಡೆ ಮುಟ್ಟಿ, “ಅವಾಗಾದ್ರೂ ಅಳತಿ ಸರೀಗಿತ್ತೇನ್ರೀ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕಡೆಯ ಜೊನ್ನಗಿರಿಯೇ ಅಶೋಕನ ಕಾಲದ ಸುವರ್ಣಗಿರಿ ಎಂದು ವಾದಿಸುವವರಿದ್ದಾರೆ. ತೆಲುಗಿನಲ್ಲಿ ಜೊನ್ನ ಅಂದರೆ ಜೋಳ. ಚಿನ್ನದ ಬೆಟ್ಟವೋ ಜೋಳದ ಬೆಟ್ಟವೋ ಅವರವರಿಗೆ ಬಿಟ್ಟದ್ದು. ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಅಲ್ಲಿ ವಜ್ರ ಹುಡುಕುವವರ ಜಾತ್ರೆ. ಕರ್ನಾಟಕದಿಂದಲೂ ಬರುತ್ತಾರೆ, ಮರದ ಕೆಳಗೆ ಅಡುಗೆ ಮಾಡಿಕೊಂಡು ದಿನಗಟ್ಟಲೆ ಇರುತ್ತಾರೆ. ಯಾರಿಗೋ ಒಂದು ಸಿಕ್ಕ ಸುದ್ದಿ ಪೇಪರಿನಲ್ಲಿ ಬರುತ್ತದೆ, ಸಿಗದೆ ಹೋದ ಸಾವಿರ ಜನರ ಸುದ್ದಿ ಬರುವುದಿಲ್ಲ. ಹೋಗುವವರಿಗೆ ಒಂದೇ ಬೇಡಿಕೆ: ಬಿತ್ತಿದ ಹೊಲ ತುಳಿಯಬೇಡಿ, ಹೊಲದವನನ್ನು ಕೇಳಿ ಕಾಲಿಡಿ.

ಗುತ್ತಿಯ ಕೋಟೆ ಹತ್ತಲು ಮೊಣಕಾಲು ಗಟ್ಟಿ ಇರಬೇಕು. ನಮ್ಮ ವಯಸ್ಸಿನವರು ಕೆಳಗಿನ ಹಳೇ ಸಮಾಧಿಗಳ ಜಾಗದಲ್ಲಿ ಮನ್ರೋನನ್ನು ಮೊದಲು ಹೂಳಿದ ಕಡೆ ನೋಡಿಕೊಂಡರೆ ಸಾಕು. ಅಲ್ಲಿಂದ ಗುಂತಕಲ್ಲು, ಊಟ.

ವಾಪಸು ಬರುವಾಗ ಸ್ವಲ್ಪ ಸುತ್ತಾದರೂ ಚಿಪ್ಪಗಿರಿಗೆ ತಿರುಗಿ. ವಿಜಯವಿಠಲ ಅಂಕಿತದಲ್ಲಿ ಹಾಡಿದ ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿ, 1755ರಲ್ಲಿ ಕಣ್ಣು ಮುಚ್ಚಿದ್ದು ಈ ಊರಿನಲ್ಲಿ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಕರ್ನಾಟಕದ ಭಕ್ತರು ಬಂದು ಸೇರುತ್ತಾರೆ. ಸುತ್ತ ತೆಲುಗು ಬೋರ್ಡುಗಳ ನಡುವೆ ಗುಡಿಯೊಳಗೆ ಕನ್ನಡದ ಹಾಡು. ಆರಾಧನೆ ಬಿಟ್ಟು ಬೇರೆ ದಿನ ಹೋದರೆ ಗದ್ದಲ ಇರುವುದಿಲ್ಲ, ಕಟ್ಟೆಯ ಹತ್ತಿರ ಒಂದು ಗಂಟೆ ಕೂತು ಬರಬಹುದು. ಅಲ್ಲಿಂದ ಆಲೂರು ಮೇಲೆ ಬಳ್ಳಾರಿ. ದಾರಿಯಲ್ಲಿ ಚಹಾಕ್ಕೆ ಜಾಸ್ತಿ ಹೊತ್ತು ನಿಲ್ಲದಿದ್ದರೆ ರಾತ್ರಿ ಊಟಕ್ಕೆ ಮನೆ ಸೇರುತ್ತೀರಿ.